ಯೂನಿವರ್ಸಿಟಿ ಚೈಲ್ಡ್ ಕೇರ್ ಸೆಂಟರ್‌ನ ಸಿಬ್ಬಂದಿ ಪುಟ ಹೇಗೆ ಓದೋದು? ಕ್ಯಾಲಿಫೋರ್ನಿಯಾ, 22 ತಿಂಗಳ ಮಗು

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಒಂದು ಕ್ಯಾಂಪಸ್‌ನ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್‌ನಲ್ಲಿ ಮಗಳಿಗೆ ಸೀಟು ಸಿಕ್ಕಿದೆ. ಸೇರೋ ಹೊತ್ತಿಗೆ ಅವಳಿಗೆ 22 ತಿಂಗಳು. ಒಪ್ಪಿಗೆ ಕೊಡೋ ಮುಂಚೆ ಒಂದು ಸಲ ಹೋಗಿ ನೋಡಬಹುದು ಅಂದಿದ್ದಾರೆ.

ಅವರ ವೆಬ್‌ಸೈಟ್‌ನ ಸಿಬ್ಬಂದಿ ಪುಟದಲ್ಲಿ ಮೇಲುಗಡೆ ಎಕ್ಸಿಕ್ಯುಟಿವ್ ಡೈರೆಕ್ಟರ್, ಇಡಿಡಿ (ಶಿಕ್ಷಣದ ಡಾಕ್ಟರೇಟ್) ಪದವಿ. ಆಮೇಲೆ ಅಸೋಸಿಯೇಟ್ ಡೈರೆಕ್ಟರ್, ಎಂ.ಎ. ಆಮೇಲೆ ಸೈಟ್ ಸೂಪರ್‌ವೈಸರ್, ಮಾಸ್ಟರ್ ಟೀಚರ್, ಟೀಚರ್, ಅಸೋಸಿಯೇಟ್ ಟೀಚರ್. ಕೆಲವರಿಗೆ ಬಿ.ಎ., ಕೆಲವರಿಗೆ ಎ.ಎ. (ಎರಡು ವರ್ಷದ ಕಾಲೇಜು ಪದವಿ), ಇಬ್ಬರಿಗೆ ಬರೀ ಸಿಡಿಎ (ಮಕ್ಕಳ ಆರೈಕೆಯ ಒಂದು ಸರ್ಟಿಫಿಕೇಟ್). ಕೊನೇಲಿ "ಜೊತೆಗೆ ನಮ್ಮ ವಿದ್ಯಾರ್ಥಿ ಸಹಾಯಕರು" ಅಂತ ಒಂದೇ ಸಾಲು. ಹೆಸರಿಲ್ಲ, ಎಷ್ಟು ಜನ ಅಂತಲೂ ಇಲ್ಲ.

ಇದರಲ್ಲಿ ಮಗುವಿಗೆ ನಿಜವಾಗಿ ಸಂಬಂಧಪಟ್ಟಿದ್ದು ಯಾವುದು? ಡೈರೆಕ್ಟರ್ ಡಾಕ್ಟರೇಟ್ ಮಾಡಿದ್ದಾರೆ ಅಂದ್ರೆ ಜಾಗ ಚೆನ್ನಾಗಿದೆ ಅಂತಾನಾ? ಹೋದಾಗ ಏನೇನು ಕೇಳಬೇಕು?

ಇನ್ನೊಂದು ವಿಷಯ. ನಮ್ಮ ಅತ್ತಿಗೆ ಬೆಂಗಳೂರಲ್ಲಿ ಹ್ಯೂಮನ್ ಡೆವಲಪ್‌ಮೆಂಟ್ ಎಂ.ಎಸ್ಸಿ. ಮಾಡಿದ್ದಾರೆ, ಈಗ ಎಚ್-4 (ಎಚ್-1ಬಿ ಕೆಲಸದ ವೀಸಾ ಇರೋರ ಕುಟುಂಬಕ್ಕೆ ಸಿಗೋ ವೀಸಾ) ಮೇಲೆ ಇಲ್ಲೇ ಇದ್ದಾರೆ. ಇಂಥ ಕಡೆ ಕೆಲಸಕ್ಕೆ ಆ ಓದು ನಡೆಯುತ್ತಾ?

ಮಲ್ಲಿಗೆಬನ:

ಆ ಪುಟವನ್ನ ಕೆಳಗಿನಿಂದ ಮೇಲಕ್ಕೆ ಓದಿ. ನಿಮಗೆ ಹೆಚ್ಚು ಬೇಕಾದ ಮಾಹಿತಿ ಇರೋದು ಆ ಹೆಸರಿಲ್ಲದ ಕೊನೇ ಸಾಲಿನಲ್ಲೇ.

ಯಾಕೆ ಅಂತ ತಿಳಿಯೋಕೆ ಮೊದಲು ಸಂಖ್ಯೆಯ ನಿಯಮ ಗೊತ್ತಿರಬೇಕು. ನಿಮ್ಮ ಮಗಳ ವಯಸ್ಸಿಗೆ ಮೂರು ಥರದ ಲೆಕ್ಕ ನಡೆಯುತ್ತೆ. ರಾಜ್ಯದ ಸಾಮಾನ್ಯ ಲೈಸೆನ್ಸ್ ನಿಯಮ ಟೈಟಲ್ 22. ಅದರ ಪ್ರಕಾರ ಶಿಶು ಲೈಸೆನ್ಸ್ ಇರೋ ಕೋಣೆಯಾದರೆ 4 ಮಕ್ಕಳಿಗೆ ಒಬ್ಬರು. 18 ತಿಂಗಳು ದಾಟಿದವರ ಟಾಡ್ಲರ್ ಕೋಣೆಯಾದರೆ 6 ಮಕ್ಕಳಿಗೆ ಒಬ್ಬರು, ಗುಂಪು 12 ಮೀರಬಾರದು. ರಾಜ್ಯದ ಸಬ್ಸಿಡಿ ಹಣ ಪಡೆಯೋ ಕೇಂದ್ರಗಳಿಗೆ ಟೈಟಲ್ 5 ಅನ್ವಯಿಸುತ್ತೆ. ಅಲ್ಲಿ 18ರಿಂದ 36 ತಿಂಗಳ ಮಕ್ಕಳಿಗೆ 4ಕ್ಕೆ ಒಬ್ಬ ದೊಡ್ಡವರು, 16ಕ್ಕೆ ಒಬ್ಬ ಟೀಚರ್. ಮೂರನೇದು ಎನ್‌ಎಇವೈಸಿ (ಶಿಶು ಶಿಕ್ಷಣದ ರಾಷ್ಟ್ರೀಯ ಸಂಘ) ಮಾನ್ಯತೆ. ಇದು ಕಡ್ಡಾಯ ಅಲ್ಲ, ಕೇಂದ್ರವೇ ಅರ್ಜಿ ಹಾಕಿ ಪಡೆಯೋದು. ಅವರು ಹೇಳೋದು 12ರಿಂದ 28 ತಿಂಗಳಿಗೆ 4ಕ್ಕೆ ಒಬ್ಬರು, ಗುಂಪಲ್ಲಿ ಹೆಚ್ಚಂದ್ರೆ 12.

ಈಗ ಟೈಟಲ್ 5ರ ಲೆಕ್ಕ ಇನ್ನೊಮ್ಮೆ ನೋಡಿ. 16 ಮಕ್ಕಳಿರೋ ಕೋಣೇಲಿ ನಾಲ್ಕು ಜನ ದೊಡ್ಡವರು ಬೇಕು, ಆದರೆ ಟೀಚರ್ ಅರ್ಹತೆ ಇರಲೇಬೇಕಾದವರು ಒಬ್ಬರೇ. ಉಳಿದ ಮೂವರೂ ವಿದ್ಯಾರ್ಥಿಗಳಾಗಿದ್ದರೂ ನಿಯಮ ಪಾಲನೆ ಆಯ್ತು. ಯೂನಿವರ್ಸಿಟಿ ಕೇಂದ್ರಗಳು ಆ ಮೂರು ಜಾಗಕ್ಕೇ ಅಗ್ಗವಾಗಿ ಸಿಗೋ ವಿದ್ಯಾರ್ಥಿ ಕೈಗಳನ್ನ ಬಳಸೋದು. ಅದು ತಪ್ಪೇನಲ್ಲ. ಚೆನ್ನಾಗಿ ತರಬೇತಿ ಕೊಟ್ಟರೆ ಅವರೇ ಆ ಕೋಣೆಯ ಬಲ. ಕೆಡೋದು ಎಲ್ಲಿ ಅಂದ್ರೆ ವೇಳಾಪಟ್ಟಿಯಲ್ಲಿ. ವಿದ್ಯಾರ್ಥಿಗಳ ಶಿಫ್ಟು ಎರಡು ಮೂರು ಗಂಟೆಯದು, ಕ್ಲಾಸಿನ ನಡುವೆ ಬಂದು ಹೋಗ್ತಾರೆ. ಸೋಮವಾರದ ಮುಖ ಮಂಗಳವಾರ ಇರಲ್ಲ. ಕ್ವಾರ್ಟರ್ ಪದ್ಧತಿಯ ಕ್ಯಾಂಪಸ್ ಆದರೆ 10 ವಾರ ಪಾಠ, ಒಂದು ವಾರ ಪರೀಕ್ಷೆ, ಆಮೇಲೆ ಟೈಮ್‌ಟೇಬಲ್ ಪೂರ್ತಿ ಬದಲು. ಎರಡು ವರ್ಷದೊಳಗಿನ ಮಗುವಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಾಗಿ ಕೇಳಿ: ವಾರದಲ್ಲಿ ನನ್ನ ಮಗಳ ಕೋಣೆಗೆ ಒಟ್ಟು ಎಷ್ಟು ಜನ ದೊಡ್ಡವರು ಬರ್ತಾರೆ? ಅವಳಿಗೆ ಅಂತ ಒಬ್ಬ ಖಾಯಂ ಟೀಚರ್ ಇದ್ದಾರಾ, ಅವರ ಪಾಲಿಗೆ ಎಷ್ಟು ಮಕ್ಕಳು? ಡೈಪರ್ ಬದಲಾಯಿಸೋದು, ಮಲಗಿಸೋದು ಅವರೇನಾ ಅಥವಾ ಕೈ ಖಾಲಿ ಇದ್ದವರಾ? ಪರೀಕ್ಷೆ ವಾರದಲ್ಲಿ ಸಹಾಯಕರ ಜಾಗ ಯಾರು ತುಂಬ್ತಾರೆ? ಬೆಳಿಗ್ಗೆ ಬಾಗಿಲು ತೆಗೆಯುವಾಗ, ಸಂಜೆ ಮುಚ್ಚುವಾಗ ಟೀಚರ್ ಅರ್ಹತೆಯವರು ಇರ್ತಾರಾ? ನಿದ್ದೆ ಹೊತ್ತಿನಂಥ ಸಣ್ಣ ವಿನಾಯಿತಿ ಬಿಟ್ಟರೆ ಸಹಾಯಕರು ಟೀಚರ್ ಕಣ್ಣೆದುರೇ ಕೆಲಸ ಮಾಡಬೇಕು ಅನ್ನೋದು ಟೈಟಲ್ 22ರ ನಿಯಮ. ಅದು ಸಡಿಲ ಆಗೋದು ದಿನದ ಈ ಎರಡು ತುದಿಗಳಲ್ಲೇ.

ಸಾಧ್ಯವಾದರೆ ಬೆಳಿಗ್ಗೆ ಹತ್ತು ಗಂಟೆಗೆ ಹೋಗಬೇಡಿ, ಆ ಹೊತ್ತಲ್ಲಿ ಎಲ್ಲ ಕಡೆಯೂ ಚೆನ್ನಾಗೇ ಕಾಣುತ್ತೆ. ಊಟ ಮುಗಿದು ಮಲಗಿಸೋ ಹೊತ್ತಿಗೆ ಹೋಗಿ. ಡೈಪರ್ ಟೇಬಲ್ ಹತ್ತಿರ ಎರಡು ನಿಮಿಷ ನಿಂತರೆ ಸಾಕು: ಟೀಚರ್ ಮಗುವಿನ ಎದುರು ಬಂದು, ಹೆಸರು ಹಿಡಿದು, "ಈಗ ಎತ್ಕೊಳ್ತೀನಿ" ಅಂತ ಹೇಳಿ, ಕೈ ಚಾಚಿ ಒಂದು ಕ್ಷಣ ಕಾಯ್ತಾರಾ, ಇಲ್ಲ ಹಿಂದಿನಿಂದ ಬಂದು ಎತ್ತಿಕೊಂಡು ಹೋಗ್ತಾರಾ? ತರಬೇತಿ ಆದವರ ಕೈ ಅಲ್ಲೇ ಗೊತ್ತಾಗುತ್ತೆ.

ಹಳೇಮೇಷ್ಟ್ರು:

ಮಲ್ಲಿಗೆಬನ ಅವರು ಕೋಣೆಯ ಬಗ್ಗೆ ಹೇಳಿದ್ದಕ್ಕೆ ಸೇರಿಸಲು ಏನಿಲ್ಲ. ನಾನು ಆಡಳಿತದವರ ಬಗ್ಗೆ ಬರೆಯುತ್ತೇನೆ.

ಡೈರೆಕ್ಟರ್ ಆಗಲು ಟೈಟಲ್ 22 ಕೇಳುವ ಕನಿಷ್ಠ ಅರ್ಹತೆ ಬಹಳ ಕಡಿಮೆ. ಹೈಸ್ಕೂಲ್ ಮುಗಿಸಿ, 15 ಸೆಮಿಸ್ಟರ್ ಯೂನಿಟ್ (ಯೂನಿಟ್ ಎಂದರೆ ಕಾಲೇಜಿನ ಓದನ್ನು ಅಳೆಯುವ ಮಾನ) ಓದಿ, ಅದರಲ್ಲಿ 3 ಯೂನಿಟ್ ಆಡಳಿತದ್ದಾಗಿದ್ದು, 4 ವರ್ಷ ಕಲಿಸಿದ ಅನುಭವ ಇದ್ದರೆ ಸಾಕು. ಶಿಶು ಶಿಕ್ಷಣದಲ್ಲಿ ಎ.ಎ. ಇದ್ದರೆ 2 ವರ್ಷ, ಬಿ.ಎ. ಇದ್ದರೆ 1 ವರ್ಷ. ಆಡಳಿತದ 3 ಯೂನಿಟ್ ಮಾತ್ರ ಈ ಮೂರೂ ದಾರಿಗಳಿಗೆ ಬೇಕು. ಯೂನಿವರ್ಸಿಟಿಗಳು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಹೆಚ್ಚಿನದನ್ನು ಕೇಳುತ್ತವೆ. ಆದ್ದರಿಂದ ಇಡಿಡಿ ಕಂಡು ಬೆರಗಾಗಬೇಕಿಲ್ಲ, ಕಡೆಗಣಿಸಬೇಕಾಗಿಯೂ ಇಲ್ಲ. ಆ ಡಾಕ್ಟರೇಟ್ ಯಾವುದರಲ್ಲಿ ಎಂಬುದನ್ನು ನೋಡಿ. ಉನ್ನತ ಶಿಕ್ಷಣ ಆಡಳಿತದಲ್ಲಿ ಪಡೆದ ಇಡಿಡಿ ಬೇರೆ, ಶಿಶು ಶಿಕ್ಷಣದಲ್ಲಿ ಪಡೆದದ್ದು ಬೇರೆ. ಡಾಕ್ಟರೇಟ್‌ಗಿಂತ ನಾನು ಹೆಚ್ಚು ಬೆಲೆ ಕೊಡುವುದು ಅವರು ಸಣ್ಣ ಮಕ್ಕಳ ತರಗತಿಯಲ್ಲಿ ಕಳೆದ ವರ್ಷಗಳಿಗೆ. ಪರಿಚಯದಲ್ಲಿ ಅದರ ಮಾತೇ ಇಲ್ಲದಿದ್ದರೆ ನೇರವಾಗಿ ಕೇಳಿ, ಸಂಕೋಚ ಬೇಡ.

ಇನ್ನು ಕೇಂದ್ರ ಯಾರ ಕೈಕೆಳಗಿದೆ ಎಂಬ ಪ್ರಶ್ನೆ. ಕೆಲವು ಕೇಂದ್ರಗಳು ಹ್ಯೂಮನ್ ಡೆವಲಪ್‌ಮೆಂಟ್ ಅಥವಾ ಎಜುಕೇಶನ್ ವಿಭಾಗದ ಪ್ರಯೋಗಶಾಲೆಗಳು. ಅಲ್ಲಿ ಡೈರೆಕ್ಟರ್ ವಿಭಾಗದ ಮುಖ್ಯಸ್ಥರಿಗೆ ಉತ್ತರ ಹೇಳಬೇಕು. ಟೀಚರ್‌ಗಳು ಮಕ್ಕಳ ಜೊತೆಗೆ ಕಾಲೇಜು ವಿದ್ಯಾರ್ಥಿಗಳಿಗೂ ಕಲಿಸುತ್ತಾರೆ. ಇನ್ನು ಕೆಲವು ವಿದ್ಯಾರ್ಥಿ ಸೇವೆ ಅಥವಾ ಸಿಬ್ಬಂದಿ ಸೌಲಭ್ಯದ ಕಚೇರಿಗೆ ಸೇರಿದವು. ಅಲ್ಲಿ ಡೈರೆಕ್ಟರ್‌ರ ಹೆಚ್ಚಿನ ಹೊತ್ತು ಬಜೆಟ್, ವೇಟಿಂಗ್ ಲಿಸ್ಟ್, ಅನುದಾನದ ವರದಿಗಳಿಗೇ ಹೋಗುತ್ತದೆ. ಎರಡನೆಯ ಬಗೆಯ ಕೇಂದ್ರದಲ್ಲಿ ನಿಮ್ಮ ನಿಜವಾದ ಮುಖ್ಯಸ್ಥರು ಸೈಟ್ ಸೂಪರ್‌ವೈಸರ್. ಟೀಚರ್‌ಗಳ ಕೆಲಸ ನೋಡುವುದು, ತಿದ್ದುವುದು, ಪೋಷಕರ ದೂರು ಕೇಳುವುದು ಅವರೇ. ಅವರು ವಾರಕ್ಕೆ ಎಷ್ಟು ಗಂಟೆ ಕೋಣೆಗಳಲ್ಲಿ ಕೂತು ನೋಡುತ್ತಾರೆ ಎಂದು ಕೇಳಿ. ತೃಪ್ತಿಕರ ಉತ್ತರದಲ್ಲಿ ಒಂದು ಸಂಖ್ಯೆ ಇರುತ್ತದೆ.

ಮಾಸ್ಟರ್ ಟೀಚರ್ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯಾದ ಪರ್ಮಿಟ್ (ಶಿಶು ಶಿಕ್ಷಕರಿಗೆ ರಾಜ್ಯ ಕೊಡುವ ಅರ್ಹತಾ ಪತ್ರ) ಪದ್ಧತಿಯಲ್ಲಿ ಈ ಮೆಟ್ಟಿಲಿಗೆ ಬಂದಿರುವ ರೂಢಿಯ ದಾರಿ ಎಂದರೆ 24 ಯೂನಿಟ್ ಶಿಶು ಶಿಕ್ಷಣ, 16 ಯೂನಿಟ್ ಸಾಮಾನ್ಯ ವಿಷಯ, ಒಂದು ವಿಶೇಷ ವಿಷಯದಲ್ಲಿ 6 ಯೂನಿಟ್, ಜೊತೆಗೆ ದೊಡ್ಡವರ ಮೇಲ್ವಿಚಾರಣೆ ಕುರಿತು 2 ಯೂನಿಟ್. ಆ ಕೊನೆಯ 2 ಯೂನಿಟ್ ವಿದ್ಯಾರ್ಥಿ ಸಹಾಯಕರಿರುವ ಕಡೆ ಬಹಳ ಮುಖ್ಯ. ಮಕ್ಕಳನ್ನು ಅದ್ಭುತವಾಗಿ ನೋಡಿಕೊಳ್ಳುವ ಟೀಚರ್‌ಗೂ ಹತ್ತೊಂಬತ್ತು ವರ್ಷದವರಿಗೆ ಕೆಲಸ ಹೇಳಿಕೊಡುವುದು ಬರದೇ ಇರಬಹುದು. ಅದೂ ಕಲಿತು ಬರಬೇಕಾದ ವಿದ್ಯೆ.

ಕಡಪಾಕಟ್ಟಿ:

ತುಂಗಾತೀರ ಅವರ, "ಬರೀ ಸಿಡಿಎ" ಅಂತ ಬರದೀರಿ, ಅದಕ್ಕ ಎರಡು ಮಾತು ಹೇಳ್ತೀನ್ರಿ. ಸಿಡಿಎ ತಗೋಬೇಕಂದ್ರ 120 ತಾಸಿನ ತರಬೇತಿ ಆಗಬೇಕು, ಎಂಟು ವಿಷಯದಾಗ ಒಂದೊಂದಕ್ಕೂ ಕಡಿಮಿ ಅಂದ್ರ 10 ತಾಸು. ಮಕ್ಕಳ ಜೋಡಿ 480 ತಾಸು ಕೆಲಸ ಮಾಡಿರಬೇಕು. ಪೋರ್ಟ್‌ಫೋಲಿಯೋ ಬರೀಬೇಕು, ಪರೀಕ್ಷಾ ಕೊಡಬೇಕು, ಒಬ್ಬರು ಬಂದು ಕೋಣ್ಯಾಗ ಕೂತು ಅವರ ಕೆಲಸ ನೋಡ್ತಾರ. ಮೂರು ವರ್ಷಕ್ಕೊಮ್ಮಿ ನವೀಕರಣ. ಇದರಾಗ ಒಂದು ತಿಳ್ಕೋರಿ: ಸಿಡಿಎ ಕೊಡೋದು ವಯಸ್ಸಿನ ಪ್ರಕಾರ. ಇನ್‌ಫಂಟ್-ಟಾಡ್ಲರ್ ಅಂತ ಬ್ಯಾರೆ, ಪ್ರೀಸ್ಕೂಲ್ ಅಂತ ಬ್ಯಾರೆ. ನಿಮ್ಮ ಮಗಳ ಕೋಣ್ಯಾಗ ಇನ್‌ಫಂಟ್-ಟಾಡ್ಲರ್ ಸಿಡಿಎ ಇದ್ದವರು ಇದ್ರ, ಪ್ರಾಥಮಿಕ ಶಾಲೆಗಂತ ಓದಿ ಬಂದ ಬಿ.ಎ.ದವರಿಗಿಂತ ಅವರ ತಯಾರಿ ಈ ವಯಸ್ಸಿಗೆ ಹತ್ತಿರದ್ದು.

ಪದವಿ ನೋಡೋ ಮುಂದ ಎಷ್ಟು ಯೂನಿಟ್ ಸಣ್ಣ ಕೂಸುಗಳ ಬಗ್ಗೆ ಓದ್ಯಾರ ಅಂತ ಕೇಳ್ರಿ. ಟೈಟಲ್ 22ದಾಗ ಟೀಚರ್‌ಗೆ 12 ಯೂನಿಟ್ ಬೇಕು, ಕೂಸುಗಳ ಕೋಣ್ಯಾಗ ಕೆಲಸ ಅಂದ್ರ ಅದರಾಗ 3 ಯೂನಿಟ್ ಶಿಶು ಆರೈಕಿದ್ದೇ ಇರಬೇಕು. ಮೂರು ಯೂನಿಟ್ ಅಂದ್ರ ಒಂದೇ ಒಂದು ಕೋರ್ಸ್ ಆತು. ಚಲೋ ಸೆಂಟರ್‌ನವರು ಅಷ್ಟಕ್ಕ ಬಿಡಂಗಿಲ್ಲ. ಕ್ಯಾಲಿಫೋರ್ನಿಯಾದಾಗ ಪಿಐಟಿಸಿ ಅಂತ ತರಬೇತಿ ಐತಿ, ರಾಜ್ಯದ ಶಿಕ್ಷಣ ಇಲಾಖೆ ಮತ್ತ ವೆಸ್ಟ್‌ಎಡ್ ಸಂಸ್ಥೆ ಕೂಡಿ ಮಾಡಿದ್ದು. ಸಣ್ಣ ಗುಂಪು, ಪ್ರತಿ ಕೂಸಿಗೆ ಒಬ್ಬ ಮುಖ್ಯ ಆರೈಕಿದಾರರು, ಅವರ ಜೋಡಿನೇ ಕೂಸು ಮುಂದಿನ ವರ್ಷಕ್ಕೂ ಹೋಗೋದು, ಮನಿ ಭಾಷಾ-ರೂಢಿಗೆ ಜಾಗ ಕೊಡೋದು, ಇವೆಲ್ಲ ಅದರ ನೀತಿ. "ನಿಮ್ಮ ಟಾಡ್ಲರ್ ಟೀಚರ್ ಪಿಐಟಿಸಿ ಮಾಡ್ಯಾರೇನು" ಅಂತ ಕೇಳಿದ್ರ ಎದುರಿನವರಿಗೆ ನಿಮಗ ವಿಷಯ ಗೊತ್ತೈತಿ ಅಂತ ತಿಳೀತದ, ಉತ್ತರಾನೂ ಬಿಚ್ಚಿ ಕೊಡ್ತಾರ.

ಮನ್ಯಾಗ ಕನ್ನಡ ಮಾತಾಡೋ ಕೂಸಂದ್ರ "ನೀರು", "ಹಸಿವು", "ಎತ್ಕೋ", "ಸೂಸು" ಅಂತ ಒಂದ್ ಹತ್ತು ಶಬ್ದ ಇಂಗ್ಲಿಷ್ ಅಕ್ಷರದಾಗ ಉಚ್ಚಾರ ಬರದು ಕೊಡ್ರಿ, ಕೋಣ್ಯಾಗ ಗ್ವಾಡಿಗೆ ಹಚ್ಚತಾರೇನು ನೋಡ್ರಿ. ಹಚ್ಚೋವರು ಕೂಸಿನ ಮಾತು ಕೇಳೋವರು.

ನೇತ್ರಾವತಿ_ಎಸ್‌ಡಿ:

ಹಿನ್ನೆಲೆ ತಪಾಸಣೆ ವಿಷಯ ಯಾರೂ ಹೇಳಿಲ್ಲ, ಹಾಗಾಗಿ ಬರೀತಿದ್ದೇನೆ.

ಸಬ್ಸಿಡಿ ಪಡೆಯುವ ಕೇಂದ್ರಗಳಿಗೆ 2014ರ ಫೆಡರಲ್ ಕಾಯಿದೆಯಿಂದ ಬಂದ ನಿಯಮ ಇದೆ: ಪ್ರತಿ ಸಿಬ್ಬಂದಿಗೆ ಎಫ್‌ಬಿಐ ಬೆರಳಚ್ಚು ತಪಾಸಣೆ, ರಾಜ್ಯದ ಅಪರಾಧ ದಾಖಲೆ, ಲೈಂಗಿಕ ಅಪರಾಧಿಗಳ ಪಟ್ಟಿ, ಮಕ್ಕಳ ದೌರ್ಜನ್ಯದ ಪಟ್ಟಿ. ಕಳೆದ 5 ವರ್ಷ ಬೇರೆ ರಾಜ್ಯದಲ್ಲಿದ್ದರೆ ಅಲ್ಲಿಯದೂ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೆರಳಚ್ಚು ಕೊಡುವುದಕ್ಕೆ ಲೈವ್ ಸ್ಕ್ಯಾನ್ ಅನ್ನುತ್ತಾರೆ. ಲೈಸೆನ್ಸ್ ಇರುವ ಕೇಂದ್ರದ ಖಾಯಂ ಟೀಚರ್‌ಗಳಿಗೆ ಇದು ಆಗಿರುತ್ತೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೇಳಬೇಕಾದ್ದು ವಿದ್ಯಾರ್ಥಿಗಳ ಬಗ್ಗೆ: ಸಂಬಳಕ್ಕೆ ಬರುವವರಿಗೂ, ಕೋರ್ಸಿನ ಭಾಗವಾಗಿ ಬರುವವರಿಗೂ ತಪಾಸಣೆ ಮುಗಿದ ಮೇಲಷ್ಟೇ ಕೋಣೆಗೆ ಬಿಡ್ತೀರಾ? ಹೊಸ ಟರ್ಮ್‌ನ ಮೊದಲ ವಾರ ಕಾಗದ ಬಂದಿರಲ್ಲ, ಕೈ ಸಾಲದೆ ಒದ್ದಾಡ್ತಾರೆ. ಎಡವಟ್ಟಾಗುವುದು ಆಗಲೇ.

ಜೊತೆಗೆ 2016ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಕೇಂದ್ರದಲ್ಲಿ ಕೆಲಸ ಮಾಡುವವರಿಗೂ ಸ್ವಯಂಸೇವಕರಿಗೂ ದಡಾರ, ನಾಯಿಕೆಮ್ಮಿನ ಲಸಿಕೆ ಆಗಿರಬೇಕು; ಫ್ಲೂ ಲಸಿಕೆ ಬೇಡ ಅಂದರೆ ಬರೆದು ಕೊಡಬೇಕು. ಮಕ್ಕಳ ಸಿಪಿಆರ್, ಪ್ರಥಮ ಚಿಕಿತ್ಸೆ ಕಲಿತವರು ಕಟ್ಟಡದಲ್ಲಿ ಯಾವಾಗಲೂ ಒಬ್ಬರಾದರೂ ಇರಬೇಕು. ನಿಮ್ಮ ಮಗಳಿಗೆ ಕಡಲೆಕಾಯಿ ಅಥವಾ ಗೋಡಂಬಿ ಅಲರ್ಜಿ ಇದ್ದರೆ "ಕಟ್ಟಡದಲ್ಲಿ ಒಬ್ಬರು" ಸಾಲದು, ಅವಳ ಕೋಣೆಯಲ್ಲಿ ಪ್ರತಿ ಶಿಫ್ಟಿಗೂ ಎಪಿನೆಫ್ರಿನ್ (ತೀವ್ರ ಅಲರ್ಜಿಗೆ ಕೊಡುವ ತುರ್ತು ಔಷಧ) ಚುಚ್ಚಲು ಗೊತ್ತಿರುವವರು ಯಾರು ಅಂತ ಹೆಸರು ಕೇಳಿ.

ಹೋಗುವ ಮುಂಚೆ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ: ರಾಜ್ಯದ ಕಮ್ಯುನಿಟಿ ಕೇರ್ ಲೈಸೆನ್ಸಿಂಗ್ ವಿಭಾಗದ ಸೈಟ್‌ನಲ್ಲಿ ಕೇಂದ್ರದ ಹೆಸರು ಹಾಕಿ ಹುಡುಕಿ. ಶಿಶು ವಿಭಾಗಕ್ಕೂ ಪ್ರೀಸ್ಕೂಲ್ ವಿಭಾಗಕ್ಕೂ ಬೇರೆ ಬೇರೆ ಲೈಸೆನ್ಸ್ ನಂಬರ್ ಇರಬಹುದು, ಎರಡೂ ತೆಗೆದು ನೋಡಿ. ತಪಾಸಣೆ ವರದಿಯಲ್ಲಿ ಟೈಪ್ ಎ ಅಂದರೆ ಮಕ್ಕಳಿಗೆ ತಕ್ಷಣದ ಅಪಾಯ, ಟೈಪ್ ಬಿ ಅಂದರೆ ಸರಿಪಡಿಸದಿದ್ದರೆ ಮುಂದೆ ಅಪಾಯ. ಒಂದೆರಡು ಟೈಪ್ ಬಿ ಕಂಡು ಗಾಬರಿ ಬೇಡ. ಒಂದೇ ತಪ್ಪು ಮತ್ತೆ ಮತ್ತೆ ಬಂದಿದೆಯಾ, ಅದರಲ್ಲೂ ಮಕ್ಕಳ ಮೇಲೆ ಕಣ್ಣಿಡದ ವಿಷಯದ್ದಾ ಅಂತ ನೋಡಿ. ಡೈರೆಕ್ಟರ್ ಹೆಸರು ಆಗಾಗ ಬದಲಾಗಿದ್ದರೆ ಅದೂ ಇದೇ ವರದಿಗಳಲ್ಲಿ ಕಾಣುತ್ತೆ, ಯಾಕೆ ಅಂದರೆ ಅವತ್ತು ಯಾರ ಜೊತೆ ಮಾತಾಡಿದರು ಅಂತ ಇನ್ಸ್‌ಪೆಕ್ಟರ್ ಬರೆದಿರುತ್ತಾರೆ.

ಇನ್ನೆರಡು ಹಕ್ಕು ನಿಮಗಿದೆ. ಮಗು ಸೇರಿದ ಮೇಲೆ ಹೇಳದೆ ಕೇಳದೆ ಯಾವಾಗ ಬೇಕಾದರೂ ಒಳಗೆ ಹೋಗಿ ನೋಡಬಹುದು. ಹಾಗೇ, ಹಳೇ ಅಪರಾಧ ದಾಖಲೆ ಇದ್ದೂ ರಾಜ್ಯದಿಂದ ವಿನಾಯಿತಿ ಪಡೆದ ಸಿಬ್ಬಂದಿ ಯಾರಾದರೂ ಇದ್ದರೆ, ನೀವು ಕೇಳಿದಾಗ ಅವರ ಹೆಸರನ್ನೂ ಕೇಂದ್ರದಲ್ಲಿ ಅವರ ಪಾತ್ರವನ್ನೂ ಹೇಳಬೇಕು. ಸೇರುವಾಗ ಕೊಡುವ ಪೋಷಕರ ಹಕ್ಕುಗಳ ಹಾಳೆಯಲ್ಲೇ ಇದು ಇರುತ್ತೆ, ಓದದೆ ಸಹಿ ಹಾಕಬೇಡಿ.

ಬಸವನಗುಡಿ_ಬೇಏರಿಯಾ:

ಅತ್ತಿಗೆಯವರ ವಿಷಯಕ್ಕೆ ಬರ್ತೀನಿ.

ಮೊದಲು ವೀಸಾ. ಎಚ್-4 ಇದ್ದ ಮಾತ್ರಕ್ಕೆ ಕೆಲಸ ಮಾಡೋ ಹಾಗಿಲ್ಲ. ಗಂಡನ ಐ-140 (ಗ್ರೀನ್ ಕಾರ್ಡ್‌ಗೆ ಅಂತ ಹಾಕೋ ಅರ್ಜಿ) ಮಂಜೂರಾಗಿದ್ದರೆ, ಅಥವಾ ಅವರ ಎಚ್-1ಬಿ ಆರು ವರ್ಷ ದಾಟಿ ವಿಸ್ತರಣೆ ಆಗಿದ್ದರೆ, ಇಎಡಿಗೆ, ಅಂದ್ರೆ ಕೆಲಸ ಮಾಡೋ ಅನುಮತಿ ಕಾರ್ಡ್‌ಗೆ, ಅರ್ಜಿ ಹಾಕಬಹುದು. 2015ರಿಂದ ಈ ಅವಕಾಶ ಇದೆ. ಕಾರ್ಡ್ ಕೈಗೆ ಬರೋ ತನಕ "ಸುಮ್ಮನೆ ವಾಲಂಟಿಯರ್ ಆಗಿ ಬನ್ನಿ" ಅಂದ್ರೂ, ಸಂಬಳ ಕೊಟ್ಟು ಮಾಡಿಸೋ ಜಾಗದಲ್ಲಿ ಪುಕ್ಕಟೆ ನಿಲ್ಲಬಾರದು, ಅದು ವೀಸಾಗೆ ತೊಂದರೆ. ಓದೋಕೆ ಮಾತ್ರ ಎಚ್-4 ಅವರಿಗೆ ಅಡ್ಡಿ ಇಲ್ಲ. ಕಾಯೋ ಸಮಯವನ್ನ ಅದಕ್ಕೇ ಬಳಸಿ.

ಹ್ಯೂಮನ್ ಡೆವಲಪ್‌ಮೆಂಟ್ ಎಂ.ಎಸ್ಸಿ. ಈ ಕೆಲಸಕ್ಕೆ ತುಂಬ ಗಟ್ಟಿಯಾದ ಓದು. ಆದರೆ ಇಲ್ಲಿ ಲೆಕ್ಕ ಹಾಕೋದು ಪದವಿಯನ್ನಲ್ಲ, ಯೂನಿಟ್‌ಗಳನ್ನ. ಹಾಗಾಗಿ ಮೌಲ್ಯಮಾಪನ ಮಾಡಿಸುವಾಗ "ಅಮೆರಿಕದ ಮಾಸ್ಟರ್ಸ್‌ಗೆ ಸಮ" ಅಂತ ಒಂದು ಸಾಲು ಬರೋ ರಿಪೋರ್ಟ್ ತಗೊಂಡ್ರೆ ದುಡ್ಡು ದಂಡ. ಕೋರ್ಸ್-ಬೈ-ಕೋರ್ಸ್ ಮಾಡಿಸಿ. ಪರ್ಮಿಟ್‌ಗೂ ಬೇಕಾದರೆ ರಾಜ್ಯದ ಟೀಚರ್ ಕ್ರೆಡೆನ್ಶಿಯಲಿಂಗ್ ಆಯೋಗ ಒಪ್ಪಿದ ಏಜೆನ್ಸಿನೇ ಆಗಿರಬೇಕು. ಪರ್ಮಿಟ್ ನಿಯಮಗಳು ಪರಿಷ್ಕರಣೆ ಆಗ್ತಿರ್ತವೆ, ಆಯೋಗದ ಸೈಟ್‌ನಲ್ಲಿ ಅವತ್ತಿನದನ್ನೇ ನೋಡಿ. ನಮ್ಮ ಕಡೆಯ ಮಾರ್ಕ್ಸ್ ಕಾರ್ಡ್‌ಗಳದ್ದು ಒಂದು ಸಮಸ್ಯೆ: ಪೇಪರ್ ಹೆಸರು ಬಿಟ್ಟರೆ ಬೇರೇನೂ ಇರಲ್ಲ. "ಹ್ಯೂಮನ್ ಡೆವಲಪ್‌ಮೆಂಟ್ 1" ಅಂತ ಇದ್ರೆ ಅದು ಶಿಶುಗಳ ಬಗ್ಗೆಯೋ ಮುದುಕರ ಬಗ್ಗೆಯೋ ಇಲ್ಲಿಯವರಿಗೆ ಗೊತ್ತಾಗಲ್ಲ. ಕಾಲೇಜಿಂದ ಆ ವರ್ಷದ ಸಿಲಬಸ್ ತರಿಸಿ, ಮೊಹರು ಹಾಕಿಸಿ ಇಟ್ಕೊಳ್ಳಿ.

ಎಂ.ಎಸ್ಸಿ. ಓದುವಾಗ ಕಾಲೇಜಿನ ಲ್ಯಾಬ್ ನರ್ಸರಿಯಲ್ಲಿ ಕೆಲಸ ಮಾಡಿರ್ತಾರೆ, ಅದನ್ನ ಬಿಟ್ಟುಬಿಡಬೇಡಿ. ಪರ್ಮಿಟ್‌ಗೆ ಅನುಭವ ಎಣಿಸೋದು ದಿನದ ಲೆಕ್ಕದಲ್ಲಿ, ದಿನಕ್ಕೆ 3 ಗಂಟೆಗೆ ಕಡಿಮೆ ಆದರೆ ಆ ದಿನ ಲೆಕ್ಕಕ್ಕಿಲ್ಲ. ಟೀಚರ್ ಮೆಟ್ಟಿಲಿಗೆ ರೂಢಿಯಲ್ಲಿರೋ ಲೆಕ್ಕ 4 ವರ್ಷದೊಳಗೆ 175 ದಿನ. ಪತ್ರದಲ್ಲಿ ತಾರೀಖು, ಮಕ್ಕಳ ವಯಸ್ಸು, ದಿನಕ್ಕೆಷ್ಟು ಗಂಟೆ ಎಲ್ಲ ಇರಬೇಕು. ಹಳೇ ಅನುಭವ ಆದರೆ ಅವಧಿ ಮೀರಿರುತ್ತೆ. ಆಗ ಇಲ್ಲಿ ಅಸಿಸ್ಟೆಂಟ್ ಆಗಿ ಶುರು ಮಾಡಿ ದಿನ ಕೂಡಿಸಬೇಕು.

ಸಾಮಾನ್ಯವಾಗಿ ಕೊರತೆ ಬೀಳೋದು "ಮಗು, ಕುಟುಂಬ, ಸಮುದಾಯ" ಅನ್ನೋ ಕೋರ್ಸ್, ಯಾಕಂದ್ರೆ ಅದು ಇಲ್ಲಿನ ಕಾನೂನು, ಸೇವೆಗಳ ಬಗ್ಗೆ. ಕೆಲವು ಸಲ ಶಿಶು ಆರೈಕೆಯ 3 ಯೂನಿಟ್. ಎರಡೂ ಕಮ್ಯುನಿಟಿ ಕಾಲೇಜಲ್ಲಿ ಸಿಗುತ್ತೆ, ಸಂಜೆ ಅಥವಾ ಆನ್‌ಲೈನ್. ಕ್ವಾರ್ಟರ್ ಕಾಲೇಜಾದರೆ ಎಚ್ಚರ: 12 ಸೆಮಿಸ್ಟರ್ ಯೂನಿಟ್ ಅಂದ್ರೆ 18 ಕ್ವಾರ್ಟರ್ ಯೂನಿಟ್.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೈಸೆನ್ಸ್ ವರದಿ ತೆಗೆದು ನೋಡ್ತಿದ್ದೀನಿ. ಇನ್ನೊಂದೇ ಪ್ರಶ್ನೆ: ಸೇರ್ಪಡೆ ಕಾಗದಗಳಲ್ಲಿ ಸಂಶೋಧನೆಗೆ ಒಪ್ಪಿಗೆ ಅಂತ ಒಂದು ಹಾಳೆ ಇದೆ. ಸಹಿ ಹಾಕದಿದ್ರೆ ಸೀಟು ಹೋಗುತ್ತಾ?

ಹಳೇಮೇಷ್ಟ್ರು:

ಹೋಗುವುದಿಲ್ಲ. ಫೆಡರಲ್ ನಿಯಮಗಳಿಗೆ ಒಳಪಟ್ಟ ಸಂಶೋಧನೆಯಲ್ಲಿ ಭಾಗವಹಿಸುವುದು ಐಚ್ಛಿಕ. ಒಲ್ಲೆ ಎಂದವರಿಗೆ ಯಾವ ಸೌಲಭ್ಯವೂ ತಪ್ಪಬಾರದು. ಅಮೆರಿಕದಲ್ಲಿ ಯೂನಿವರ್ಸಿಟಿಗೂ ಶಿಶು ಕೇಂದ್ರಕ್ಕೂ ಇರುವ ನಂಟು ಹಳೆಯದು. ಅಯೋವಾದ ಮಕ್ಕಳ ಸಂಶೋಧನಾ ಕೇಂದ್ರ ಶುರುವಾದದ್ದು 1917ರಲ್ಲಿ. ಸ್ಟ್ಯಾನ್‌ಫರ್ಡ್‌ನ ಬಿಂಗ್ ನರ್ಸರಿ ಶಾಲೆ 1966ರಲ್ಲಿ ತೆರೆಯಿತು. ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರ ಹೆಸರಾಂತ ಮಾರ್ಷ್‌ಮ್ಯಾಲೋ ಪ್ರಯೋಗಗಳು (ಎದುರಿಗಿಟ್ಟ ಸಿಹಿ ತಿನ್ನದೆ ಮಗು ಎಷ್ಟು ಹೊತ್ತು ಕಾಯುತ್ತದೆ ಎಂದು ನೋಡುವಂಥವು) ನಡೆದದ್ದು ಅಲ್ಲೇ. ಒಳ್ಳೆಯ ಸಂಶೋಧನೆ ನಡೆಯುವ ಕೇಂದ್ರದಲ್ಲಿ ಟೀಚರ್‌ಗಳೂ ಹೊಸತನ್ನು ಓದುತ್ತಿರುತ್ತಾರೆ, ಅದು ಮಕ್ಕಳಿಗೆ ಲಾಭ.

ಸಹಿ ಹಾಕುವ ಮುಂಚೆ ಹಾಳೆಯಲ್ಲಿ ಏನೇನು ಒಟ್ಟಿಗೆ ಸೇರಿಸಿದ್ದಾರೆ ನೋಡಿ. ಕನ್ನಡಿ ಗಾಜಿನ ಹಿಂದೆ ಕೂತು ವಿದ್ಯಾರ್ಥಿಗಳು ತರಗತಿ ನೋಡುವುದು ಒಂದು. ಮಗುವನ್ನು ಬೇರೆ ಕೋಣೆಗೆ ಕರೆದೊಯ್ದು ಪ್ರಯೋಗ ಮಾಡುವುದು ಇನ್ನೊಂದು. ಫೋಟೋ, ವಿಡಿಯೋ ಮೂರನೆಯದು. ಮೂರಕ್ಕೂ ಒಂದೇ ಸಹಿ ಕೇಳಿದ್ದರೆ ಬೇರೆ ಬೇರೆ ಕೊಡಿ ಎನ್ನಿ, ಮತ್ತು ಪ್ರತಿ ಹೊಸ ಅಧ್ಯಯನಕ್ಕೂ ಪ್ರತ್ಯೇಕ ಪತ್ರ ಬರುತ್ತದೆಯೇ ಎಂದು ಕೇಳಿ. ಇನ್ನೊಂದು ಮುಖ್ಯ ಪ್ರಶ್ನೆ: ಸಂಶೋಧಕರು, ನೋಡಲು ಬಂದ ವಿದ್ಯಾರ್ಥಿಗಳು ಮಲ್ಲಿಗೆಬನ ಅವರು ಹೇಳಿದ ಆ 4ಕ್ಕೆ ಒಬ್ಬರ ಲೆಕ್ಕದಲ್ಲಿ ಸೇರುತ್ತಾರೆಯೇ? ಸೇರಬಾರದು. ಟಿಪ್ಪಣಿ ಪುಸ್ತಕ ಹಿಡಿದು ಕೂತವರ ಕಣ್ಣು ಪುಸ್ತಕದ ಮೇಲಿರುತ್ತದೆ.

ಮಲ್ಲಿಗೆಬನ:

ಲೆಕ್ಕದಲ್ಲಿ ಯಾರ್ಯಾರು ಸೇರಿದ್ದಾರೆ ಅಂತ ತಿಳಿಯೋಕೆ ಒಂದು ಸುಲಭದ ದಾರಿ: ಎಲ್‌ಐಸಿ 500 ಅನ್ನೋ ಲೈಸೆನ್ಸಿಂಗ್ ನಮೂನೆಯಲ್ಲಿ ಕೇಂದ್ರದವರು ಪ್ರತಿ ಸಿಬ್ಬಂದಿಯ ಹೆಸರು, ಹುದ್ದೆ, ಕೆಲಸದ ದಿನ ಮತ್ತು ಗಂಟೆ ತುಂಬಿ ಇಟ್ಟಿರ್ತಾರೆ. ನಿಮಗೆ ಪ್ರತಿ ಕೊಡಲೇಬೇಕು ಅಂತಿಲ್ಲ. ಆದರೆ "ಅದರ ಪ್ರಕಾರ ಟಾಡ್ಲರ್ ಕೋಣೆಯ ಮಂಗಳವಾರ ಸಂಜೆ 4ರಿಂದ 5:30ರ ಪಟ್ಟಿ ಹೇಳ್ತೀರಾ" ಅಂತ ಸೈಟ್ ಸೂಪರ್‌ವೈಸರ್ ಹತ್ರ ಕೇಳಿ. ಹೆಸರು ಹೆಸರು ಹೇಳಿದ್ರೆ ಸೇರಿಸಿ.